ಒಂದು ಚೂರು ಸಿಹಿ

ಬಿಟಿಎಂ ಲೇಔಟ್
4 ಸೆಪ್ಟೆಂಬರ್ 2025

ಸುಧಾ,

ದಿವ್ಯಳ ಮದುವೆಯಾದ ವಾರ ನೀನು ಮಾರಮ್ಮನ ಮುಂದೆ ಕರ್ಪೂರ ಮುಟ್ಟಿ ಹೇಳಿದ್ದು, ಇವನ ಜೊತೆ ಇನ್ನು ಮಾತಾಡುವುದಿಲ್ಲ ಎಂದು. ಬರೆಯುವುದಿಲ್ಲ, ಓದುವುದಿಲ್ಲ ಎಂದು ಹೇಳಿರಲಿಲ್ಲ. ಎರಡು ವರ್ಷ ಯೋಚಿಸಿದ ಮೇಲೆ ನನಗೆ ಸಿಕ್ಕ ಕಿಂಡಿ ಇದೊಂದೇ. ಫೋನ್ ಮಾಡಿದರೆ ಅದೂ ಮಾತೇ. ಮೊಬೈಲಿನಲ್ಲಿ ಬರೆದರೆ ಅದು ಮಾತೋ ಬರಹವೋ ಎಂದು ನೀನು ಪೂಜಾರಿ ಬೈರಣ್ಣನನ್ನು ಕೇಳಬೇಕಾದೀತು. ಅದಕ್ಕೆ ಕಾಗದ. ಕತ್ರಿಗುಪ್ಪೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅಂಚೆಯಲ್ಲಿ ಎಷ್ಟು ದಿನವೋ ನೋಡೋಣ.

ಜೂನ್‌ನಲ್ಲಿ ನನಗೆ ಜ್ವರ ಬಂದಿತ್ತು. ಕೆಳಗಡೆ ಪಿಜಿ ಹುಡುಗರಿಗೆ ಅಡುಗೆ ಮಾಡುವ ನಾರಾಯಣಮ್ಮ ಹೊತ್ತುಹೊತ್ತಿಗೂ ಮೋಸಂಬಿ ರಸ ಹಿಂಡಿ ಮೇಲಕ್ಕೆ ತಂದಳು. ಬೇಡ ಎಂದೆ. "ಕುಡೀರಿ ಸಾರ್, ಎಳೇ ಮಗೂನಂಗೆ ಆಡ್ಬೇಡಿ" ಎಂದಳು. ವಾದಿಸುವ ಶಕ್ತಿ ಇರಲಿಲ್ಲ, ಕುಡಿದೆ. ಮರುದಿನ ಮೈಯೆಲ್ಲ ಬೆವರಿ, ಕೈ ನಡುಗಿ, ಮೆಟ್ಟಿಲ ಮೇಲೆ ಬಿದ್ದೆ. ಆಸ್ಪತ್ರೆಯಲ್ಲಿ ಜ್ವರ ಇಳಿಯಿತು. ಲಿವರ್ ಯಾಕೆ ಕೆಟ್ಟಿದೆ ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಕುಡಿಯುತ್ತೀರಾ ಎಂದು ಕೇಳಿ ಕೇಳಿ ಅವರಿಗೂ ಬೇಸರವಾಯಿತು.

ಕೊನೆಗೆ ಹಂಸಾ ಎಂಬ ಡಾಕ್ಟರ್ ಬಂದರು. ನಮ್ಮ ದಿವ್ಯಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಬಾಯಿ ತೆಗೆಸಿ ಟಾರ್ಚ್ ಬಿಟ್ಟು ನೋಡಿದರು. "ಈ ವಯಸ್ಸಿಗೆ ಒಂದೂ ಹುಳುಕಿಲ್ವಲ್ಲ ಸಾರ್. ಏನ್ ತಿಂತೀರಾ?" ಎಂದರು. ಏನು ತಿನ್ನುವುದಿಲ್ಲ ಎಂದು ಹೇಳತೊಡಗಿದೆ. ಹಣ್ಣು, ಬೆಲ್ಲ, ಸಕ್ಕರೆ, ಜೇನು, ಗೆಣಸು, ಕುಂಬಳ, ಈರುಳ್ಳಿ ಹೆಚ್ಚಾದರೆ ಅದೂ ಇಲ್ಲ. ಅವರು ಬರೆದುಕೊಳ್ಳುತ್ತ ಹೋದರು. ಇದನ್ನು ಯಾರಾದರೂ ಬೈಯದೆ ಕೇಳಿಸಿಕೊಂಡದ್ದು ಅದೇ ಮೊದಲು.

ರಕ್ತ ಕಳಿಸಿದರು. ಹಣ್ಣಿನಲ್ಲಿ, ಬೆಲ್ಲದಲ್ಲಿ, ಸಕ್ಕರೆಯಲ್ಲಿ ಇರುವ ಒಂದು ಸಿಹಿಯನ್ನು ಅರಗಿಸುವ ರಸ ನನ್ನ ಲಿವರಿನಲ್ಲಿ ಹುಟ್ಟಿನಿಂದಲೇ ಇಲ್ಲವಂತೆ. ಅದು ಒಳಗೆ ಹೋದರೆ ನನಗೆ ವಿಷದ ಹಾಗೆ. ಇದಕ್ಕೆ ಔಷಧಿ ಇಲ್ಲ, ತಿನ್ನದೆ ಇರುವುದೇ ಔಷಧಿ. ಐವತ್ತೆರಡು ವರ್ಷ ನೀವಾಗಿಯೇ ಅದನ್ನು ಮಾಡಿಕೊಂಡು ಬಂದಿದ್ದೀರಿ ಎಂದರು.

ಮದುವೆಯ ದಿನ ನಾನು ಸಿಹಿಯನ್ನು ಉಗಿದದ್ದು ಅದು ನಿನ್ನ ಕೈಯದು ಎಂದಲ್ಲ. ಇಷ್ಟು ತಿಳಿಸಬೇಕಿತ್ತು.

ಇನ್ನೂ ಒಂದಿದೆ. ಇದು ರಕ್ತದಲ್ಲಿ ಬರುವುದು. ದಿವ್ಯಳ ಮಗುವಿಗೆ ಅನ್ನ ಮುಟ್ಟಿಸುವುದು ಯಾವಾಗ?

ನರೇಂದ್ರ

*

ಬಿಟಿಎಂ ಲೇಔಟ್
24 ಸೆಪ್ಟೆಂಬರ್ 2025

ಸುಧಾ,

ಉತ್ತರ ಬರಲಿಲ್ಲ. ಕಾಗದ ತಲುಪಿರಲಿಕ್ಕಿಲ್ಲ ಎಂದುಕೊಳ್ಳುವುದು ಸುಲಭ, ಹಾಗೆಯೇ ಕೆಲವು ದಿನ ಅಂದುಕೊಂಡೆ.

ಮೊನ್ನೆ ಕತ್ರಿಗುಪ್ಪೆಗೆ ಬಂದಿದ್ದೆ. ನಿನ್ನ ಮನೆಯೆದುರಿನ ಬೇಕರಿಯ ಮುಂದೆ ನಿಂತೆ. ನಾನು ನಿಲ್ಲುವುದಕ್ಕೆ ಬೇಕರಿಯೇ ಸಿಗಬೇಕೆ. "ಏನ್ ಕೊಡ್ಲಿ ಅಂಕಲ್" ಎಂದು ಅಂಗಡಿಯವನು ಎರಡು ಸಲ ಕೇಳಿದ. ಒಂದು ಖಾರಾ ಬನ್ನು ಕೊಂಡೆ. ಅದರಲ್ಲೂ ಸಕ್ಕರೆ ಇರುತ್ತದೆ, ಕೈಯಲ್ಲಿ ಹಿಡಿದುಕೊಂಡು ನಿಂತೆ ಅಷ್ಟೆ. ನಿಮ್ಮ ಮಹಡಿಯ ತಂತಿಯ ಮೇಲೆ ಮಗುವಿನ ಬಟ್ಟೆಗಳಿದ್ದವು. ನೀನು ಬಂದು ಒಂದೊಂದೇ ತೆಗೆದು ಹೆಗಲ ಮೇಲೆ ಹಾಕಿಕೊಂಡೆ. ಈ ಕಡೆ ನೋಡಲಿಲ್ಲ, ಅಥವಾ ನೋಡಿದೆಯೋ. ನಾನು ಮೇಲೆ ಬಂದಿದ್ದರೆ ನೀನು ಬಾಗಿಲು ಹಾಕಬೇಕಾಗುತ್ತಿತ್ತು. ಆ ಕೆಲಸವನ್ನು ನಿನ್ನಿಂದ ಮಾಡಿಸುವುದು ಬೇಡವೆಂದು ಹಿಂತಿರುಗಿದೆ.

ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ನನ್ನ ದಿನ ಹೆಚ್ಚುಕಡಿಮೆ ಅಡುಗೆಯ ವಾಸನೆಗಳಲ್ಲೇ ಕಳೆಯುತ್ತದೆ. ಬೆಳಿಗ್ಗೆ ಪಿಜಿಯ ಒಗ್ಗರಣೆ ಮಹಡಿಗೆ ಬರುತ್ತದೆ. ನಾರಾಯಣಮ್ಮ ಬೆಲ್ಲ ಹಾಕದೆ ಸಾಂಬಾರ್ ಇಳಿಸುವವಳಲ್ಲ. ನಾನು ಮೇಲೆ ಒಂದು ಮುದ್ದೆ ತೊಳಸುತ್ತೇನೆ, ಮೊಟ್ಟೆ ಬೇಯಿಸುತ್ತೇನೆ, ಇಲ್ಲವೇ ಮೊಸರು, ಮೆಣಸು, ಉಪ್ಪು. ರುಚಿಗೆ ಕೊರತೆಯಿಲ್ಲ. ಇನ್ನೊಬ್ಬರ ಎಲೆಯಲ್ಲಿ ಇರುವುದು ನನ್ನ ಎಲೆಯಲ್ಲಿ ಎಂದೂ ಇರಲಿಲ್ಲ, ಅಷ್ಟೆ. ಯುಗಾದಿಯಲ್ಲಿ ನಾನು ಬೆಲ್ಲ ಬಿಟ್ಟು ಬರೀ ಬೇವು ತಿನ್ನುತ್ತಿದ್ದದ್ದಕ್ಕೆ ನೀವೆಲ್ಲ ಖಾರಪ್ಪ ಎಂದು ಕರೆಯುತ್ತಿದ್ದಿರಿ. ವಿಲ್ಸನ್ ಗಾರ್ಡನ್ನಿನಲ್ಲಿ ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟು ಮುಗಿಸಿ ಕೇಸರಿಬಾತನ್ನು ಹಾಗೇ ಬಿಟ್ಟೆ. ಹುಡುಗಿಯ ತಂದೆ, "ಹುಡುಗನ ಉತ್ತರ ತಟ್ಟೆಯಲ್ಲೇ ಇದೆ" ಎಂದರಂತೆ. ಹುಡುಗಿ ನನಗೆ ಇಷ್ಟವಾಗಿದ್ದಳು. ಅದನ್ನು ಯಾರೂ ಕೇಳಲಿಲ್ಲ.

ವಿಷಯಕ್ಕೆ ಬರುತ್ತೇನೆ. ಅಪ್ಪ ಅಮ್ಮ ಇಬ್ಬರಲ್ಲೂ ಈ ದೋಷ ಅರ್ಧರ್ಧ ಇದ್ದರೆ ಮಗುವಿಗೆ ಪೂರ್ತಿ ಬರಬಹುದು. ಅರ್ಧ ಇರುವವರಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ನಮ್ಮಲ್ಲಿ ಮೂರು ತಲೆಮಾರಿನಿಂದ ಹೆಣ್ಣು ಹೊರಗೆ ಹೋಗಿಲ್ಲ. ಅಮ್ಮ ಅಪ್ಪನಿಗೆ ಅಕ್ಕನ ಮಗಳು. ಭಾವ ನಿನಗೆ ಸೋದರಮಾವನ ಮಗ. ದಿವ್ಯಳ ಗಂಡ ವೇಣು ದೊಡ್ಡತ್ತೆ ಮುನಿವೆಂಕಟಮ್ಮನ ಮಗಳ ಮಗ. ಎದೆಹಾಲು ಕುಡಿಯುವ ಮಗುವಿಗೆ ಏನೂ ಭಯವಿಲ್ಲ. ಮೊದಲ ಸಿಹಿ ಕೊಡುವ ಮೊದಲು ರಕ್ತ ನೋಡಿಸಬೇಕು.

ಇದನ್ನು ವೇಣುವಿಗೇ ಹೇಳಬಹುದು, ಅವನ ನಂಬರ್ ಇದೆ. ಆದರೆ ಅವರಿಗೆ ಹೇಳುವ ಮೊದಲು ನಿನಗೆ ಹೇಳಬೇಕಾದ ಕಾರಣವೊಂದಿದೆ. ಅದನ್ನು ಬರೆಯಲು ಕೂತು ಮೂರು ಸಲ ಎದ್ದೆ. ನೀನು ಅನ್ನ ಮುಟ್ಟಿಸುವ ದಿನ ಮಾತ್ರ ತಿಳಿಸು.

ನಿನ್ನ ಅಣ್ಣ

*

ಕತ್ರಿಗುಪ್ಪೆ
8 ಅಕ್ಟೋಬರ್ 2025

ಅಣ್ಣನಿಗೆ,

ಎರಡು ಕಾಗದವೂ ಬಂದವು. ಬೇಕರಿಯ ಮುಂದೆ ನೀನು ನಿಂತದ್ದನ್ನೂ ನೋಡಿದೆ.

ನೀನು ಸಿಹಿ ತಿನ್ನುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ. ನಿನ್ನ ಪಾಲಿನ ಹೋಳಿಗೆ ತಿಂದುಕೊಂಡೇ ನಾನು ಬೆಳೆದದ್ದು. ಆದರೆ ಅವತ್ತು ಧಾರೆಯಾಗಿತ್ತು. ದಿವ್ಯಳನ್ನು ಮಂಟಪಕ್ಕೆ ಕರೆತಂದ ಸೋದರಮಾವ ನೀನು. ನಾನೇ ಮೈಸೂರುಪಾಕು ಮುರಿದು, ಉಗುರಿನಷ್ಟು ಚೂರು, ಬಾಯಿ ಸಿಹಿ ಮಾಡಿಕೋ ಅಣ್ಣ ಎಂದು ಇಟ್ಟೆ. ಒಂದು ಚೂರು. ನನಗೋಸ್ಕರ ನುಂಗಬಹುದಿತ್ತು. ನೀನು ಕಂಬದ ಹಿಂದೆ ಹೋಗಿ ಶಲ್ಯದೊಳಗೆ ಉಗಿದೆ. ಯಾರಿಗೂ ಕಾಣಲಿಲ್ಲ ಎಂದು ನೀನು ಅಂದುಕೊಂಡಿದ್ದೆ. ದೊಡ್ಡತ್ತೆ ಅಲ್ಲೇ ಕೂತಿದ್ದಳು. "ನಮ್ ಹುಡುಗನ ಮದ್ವೆ ಸಿಹಿ ಉಗುದ್ನಲ್ಲೇ ನಿಮ್ಮಣ್ಣ, ಅಷ್ಟು ಕಹಿ ಆದ್ವಾ ನಾವು?" ಎಂದು ಬೀಗರ ಪಂಕ್ತಿಯಲ್ಲೆಲ್ಲ ಕೇಳುವ ಹಾಗೆ ಹೇಳಿದಳು. ದಿವ್ಯ ಆ ಮನೆಗೆ ಹೋಗಿ ಒಂದು ವರ್ಷ ಈ ಮಾತನ್ನು ಕೇಳಿಸಿಕೊಂಡಿದ್ದಾಳೆ. ಪಾಯಸ ಬಡಿಸುವಾಗೆಲ್ಲ, "ನೋಡಮ್ಮ, ನಿಮ್ಮ ಕಡೆಯವರು ಉಗೀತೀರೇನೋ" ಎಂದು. ಈಗ ಡಾಕ್ಟರ್ ಒಂದು ಹೆಸರಿಟ್ಟ ಮಾತ್ರಕ್ಕೆ ಉಗಿದದ್ದು ಬಾಯಿಗೆ ವಾಪಸು ಹೋಗುತ್ತದೆಯೇ.

ನಿನಗೆ ಕಾಯಿಲೆ ಇದ್ದರೆ ನೋಡಿಕೋ. ಒಬ್ಬನೇ ಇರಬೇಡ, ಕೆಳಗೆ ಒಂದು ಕೋಣೆ ಮಾಡಿಕೋ, ಮೆಟ್ಟಿಲು ಹತ್ತಬೇಡ. ಆದರೆ ಅದನ್ನು ನನ್ನ ಮೊಮ್ಮಗಳ ತಲೆಗೆ ಕಟ್ಟಬೇಡ. ಐದು ತಿಂಗಳಿಗೆ ಕೈಕಾಲು ತುಂಬಿಕೊಂಡು ಚೆನ್ನಾಗಿದ್ದಾಳೆ. ದೀಪಾವಳಿಯಾದ ಮೇಲಿನ ಭಾನುವಾರ ನಮ್ಮೂರ ಮಾರಮ್ಮನ ಗುಡಿಯಲ್ಲೇ ಅನ್ನ ಮುಟ್ಟಿಸುತ್ತೇವೆ. ದೇವಿಗೆ ಬೆಲ್ಲದನ್ನ ಎಡೆಯಿಟ್ಟು ಅದನ್ನೇ ಮೊದಲು ನೆಕ್ಕಿಸುವುದು. ನಮ್ಮಲ್ಲಿ ಎಲ್ಲ ಮಕ್ಕಳಿಗೂ ಹಾಗೆಯೇ ಮಾಡಿರುವುದು.

ಆ ಡಾಕ್ಟರ್ ಚಿಕ್ಕ ಮಕ್ಕಳ ಬಗ್ಗೆ ಇನ್ನೇನಾದರೂ ಹೇಳಿದರೇ. ವಾಂತಿ ಮಾಡಿಕೊಳ್ಳುವ ಮಕ್ಕಳ ಬಗ್ಗೆ.

ಸುಧಾಮಣಿ

*

ಬಿಟಿಎಂ ಲೇಔಟ್
13 ಅಕ್ಟೋಬರ್ 2025

ಸುಧಾ,

ನೀನು ಅದನ್ನು ಕೊನೆಯ ಸಾಲಿನಲ್ಲಿ ಕೇಳಿದ್ದೀಯ. ನಿನಗೆ ಉತ್ತರ ಗೊತ್ತಿದೆ ಎಂದುಕೊಂಡೆ. ನನಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮುಂದಿನ ಭಾನುವಾರವಲ್ಲ, ಅದರಾಚೆಯ ಭಾನುವಾರ ಆ ಗುಡಿಯಲ್ಲಿ ಬೆಲ್ಲದನ್ನವಿದೆ.

ಹೇಳಿದರು. ಎದೆಹಾಲಿನಲ್ಲಿ ಇರುವಷ್ಟು ದಿನ ಇಂಥ ಮಕ್ಕಳು ಎಲ್ಲರಂತೆ ಇರುತ್ತವೆ. ಮೊದಲ ಸಿಹಿಯ ನಂತರ ಶುರುವಾಗುತ್ತದೆ. ವಾಂತಿ, ಬೆವರು, ನಿತ್ರಾಣ. ಆಮೇಲೆ ಹೊಟ್ಟೆ ಊದುವುದು, ಕಣ್ಣು ಹಳದಿಯಾಗುವುದು. ಸಿಹಿ ನಿಲ್ಲಿಸಿದರೆ ಚೇತರಿಸಿಕೊಳ್ಳುತ್ತವೆ. ಯಾರಿಗೂ ತಿಳಿಯದೆ ಹೋದರೆ ನಿಲ್ಲಿಸುವವರು ಯಾರು.

ನಾನು ಅವರ ಮುಂದೆ ಮನುವಿನ ಹೆಸರು ಹೇಳಿದೆ. ನನ್ನ ತಂಗಿಯ ಮೊದಲ ಮಗು, ಒಂಬತ್ತು ತಿಂಗಳಿಗೆ ಹೋಯಿತು ಎಂದೆ. ಇಪ್ಪತ್ತಾರು ವರ್ಷಗಳಲ್ಲಿ ನಾನು ಆ ಹೆಸರನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲವಲ್ಲ. ಅವರು ಎಲ್ಲ ಕೇಳಿಕೊಂಡು, ರಕ್ತ ನೋಡದೆ ಖಚಿತವಾಗಿ ಹೇಳಲಾರೆ ಎಂದರು. ಪೆನ್ನಿನ ಕ್ಯಾಪು ಹಾಕಿ, ತೆಗೆದು, ಮತ್ತೆ ಹಾಕಿ, "ನಿಮ್ಮ ತಂಗಿಗೆ ನೀವೇ ಹೇಳ್ತೀರಾ ಸಾರ್?" ಎಂದರು.

ನಿನಗೆ ಹೇಳದೆಯೇ ಮಗುವನ್ನು ಉಳಿಸುವ ಉಪಾಯವಿದೆಯೇ ಎಂದು ಆಸ್ಪತ್ರೆಯಿಂದ ಬಂದಾಗಿನಿಂದ ಹುಡುಕುತ್ತಿದ್ದೆ. ವೇಣುವಿಗೆ ಹೇಳಿದರೆ ಅವನು ದಿವ್ಯಳಿಗೆ ಹೇಳುತ್ತಾನೆ. ದಿವ್ಯ ನಿನ್ನನ್ನು ಕೇಳುತ್ತಾಳೆ, ಅಮ್ಮ, ಮನು ಅಣ್ಣನಿಗೆ ಏನಾಗಿತ್ತು ಎಂದು. ಮಗಳ ಬಾಯಿಂದ ನೀನು ಅದನ್ನು ಕೇಳುವುದು ನನಗೆ ಬೇಡವಾಗಿತ್ತು. ನನ್ನ ಬಾಯಿಂದಲೂ ಬೇಡವಾಗಿತ್ತು. ಮಾತು ಬಿಟ್ಟದ್ದು ಆ ಮಟ್ಟಿಗೆ ಒಳ್ಳೆಯದೇ ಆಯಿತು.

ಅಂದು ಯಾರಿಗೂ ಏನೂ ಗೊತ್ತಿರಲಿಲ್ಲ. ದೊಡ್ಡ ಆಸ್ಪತ್ರೆಯವರಿಗೂ ಗೊತ್ತಾಗಲಿಲ್ಲ. ಇದನ್ನು ಸಮಾಧಾನಕ್ಕೆ ಬರೆಯುತ್ತಿಲ್ಲ.

18ರೊಳಗೆ ನಿನ್ನ ಉತ್ತರ ಬರದಿದ್ದರೆ ವೇಣುವಿಗೆ ಫೋನ್ ಮಾಡುತ್ತೇನೆ.

ಅಣ್ಣ

*

ಬಿಟಿಎಂ ಲೇಔಟ್
19 ಅಕ್ಟೋಬರ್ 2025

ಸುಧಾ,

ನಿನ್ನೆ ಸಂಜೆ ವೇಣುವಿಗೆ ಫೋನ್ ಮಾಡಿದೆ. ನಾನು ಬಾಯಿ ತೆಗೆಯುವ ಮೊದಲೇ, "ಅತ್ತೆ ಎಲ್ಲಾ ಹೇಳಿದ್ರು ಮಾವ, ಪಾಪು ರಕ್ತ ಕೊಟ್ಟು ಬಂದ್ವಿ, ರಿಪೋರ್ಟ್ ಬರೋಕೆ ಒಂದು ತಿಂಗಳಾಗುತ್ತಂತೆ" ಎಂದ. ನಾನು ಸರಿ ಎಂದೆ. "ನೀವು ಆಸ್ಪತ್ರೇಲಿದ್ರಂತಲ್ಲ, ಈಗ ಹೇಗಿದೀರಾ?" ಎಂದ. ಈಗ ಪರವಾಗಿಲ್ಲ ಎಂದೆ.

ನಾನು ಬೇರೇನೂ ಕೇಳಲಿಲ್ಲ. ನೀನು ಹೇಗಿದ್ದೀಯ ಎಂದು ಕೇಳಬೇಕಿತ್ತು.

ಅಣ್ಣ

*

ಕತ್ರಿಗುಪ್ಪೆ
10 ನವೆಂಬರ್ 2025

ಅಣ್ಣನಿಗೆ,

ಬರೆಯಲು ತಡವಾಯಿತು. ದೀಪಾವಳಿಗೆ ಕಜ್ಜಾಯ ಮಾಡಲಿಲ್ಲ. ಬೆನ್ನುನೋವು ಎಂದೆ. ಅನ್ನ ಮುಟ್ಟಿಸುವುದನ್ನೂ ಏಳನೇ ತಿಂಗಳಿಗೆ ಹಾಕಿದೆ. ಹೆಣ್ಣುಮಗುವಿಗೆ ಏಳು ಒಳ್ಳೆಯದು ಎಂದು ದೊಡ್ಡತ್ತೆಗೆ ಹೇಳಿದೆ. "ಐದಕ್ಕೆ ಅಂದವ್ಳೂ ನೀನೇ, ಏಳಕ್ಕೆ ಅನ್ನೋಳೂ ನೀನೇ, ಪಂಚಾಂಗ ನಿಮ್ಮನೇಲಿ ಅಚ್ಚಾಗುತ್ತಾ?" ಎಂದಳು. ಅನ್ನಿಸಿಕೊಂಡೆ.

ದಿವ್ಯಳಿಗೆ ನಿನ್ನ ಕಾಯಿಲೆಯ ವಿಷಯ ಮಾತ್ರ ಹೇಳಿದ್ದೇನೆ. ಮನುವಿನದು ಹೇಳಿಲ್ಲ. ಇವರಿಗೂ ಹೇಳಿಲ್ಲ. ನಿನಗೆ ಹೇಳುತ್ತೇನೆ. ನೀನು ಎದುರಿಗೆ ಇಲ್ಲ, ಅದಕ್ಕೆ.

ಐದು ತಿಂಗಳವರೆಗೆ ಅವನು ನಗುತ್ತಿದ್ದ. ಅನ್ನ ಮುಟ್ಟಿಸಿದ ವಾರವೇ ಶುರುವಾಯಿತು. ವಾಂತಿ ಮಾಡಿಕೊಂಡಾಗಲೆಲ್ಲ ಸುಸ್ತಾಗುತ್ತಾನೆ ಎಂದು ಸಕ್ಕರೆ ನೀರು ಕುಡಿಸುತ್ತಿದ್ದೆ. ಕುಡಿಸಿದರೆ ಮತ್ತೆ ವಾಂತಿ. ಮತ್ತೆ ಕುಡಿಸುತ್ತಿದ್ದೆ. ಬಾಲಗ್ರಹ ಎಂದರು. ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸು ಎಂದರು. ಬೆಳಿಗ್ಗೆ ಸಂಜೆ ತಪ್ಪಿಸಲಿಲ್ಲ. ನನ್ನಷ್ಟು ಶ್ರದ್ಧೆಯಿಂದ ಮಗು ನೋಡಿಕೊಂಡವರು ಈ ಬೀದಿಯಲ್ಲೇ ಇಲ್ಲ ಎಂದು ನನ್ನ ಅತ್ತೆ ಎಲ್ಲರ ಮುಂದೆ ಹೇಳುತ್ತಿದ್ದರು. ನನಗೆ ಆ ಮಾತು ಹಿತವಾಗಿತ್ತು ಅಣ್ಣ.

ಚಮಚ ಕಂಡರೆ ತುಟಿ ಬಿಗಿಹಿಡಿಯುತ್ತಿದ್ದ. ನಾನು ಮೂಗು ಹಿಡಿಯುತ್ತಿದ್ದೆ. ಉಸಿರಿಗೆ ಬಾಯಿ ತೆರೆಯಲೇಬೇಕಲ್ಲ. ಅಮ್ಮ ನಿನಗೆ ಹಾಗೆಯೇ ಮಾಡುತ್ತಿದ್ದಳು, ಹಬ್ಬದ ದಿನ ಪಾಯಸ ಕುಡಿಸಲು. ಅವಳಿಂದಲೇ ನಾನು ಕಲಿತದ್ದು. ನೀನು ಹಿತ್ತಲಿಗೆ ಓಡಿಹೋಗಿ ಉಗಿಯುತ್ತಿದ್ದೆ. ನಿನಗೆ ಓಡಲು ಕಾಲಿತ್ತು. ಮನು ಇನ್ನೂ ಅಂಬೆಗಾಲು ಇಡುತ್ತಿದ್ದ.

ಎದುರುಮನೆ ಸಪ್ಪಲಮ್ಮನ ಕಣ್ಣು ಬಿತ್ತು ಎಂದು ಎಲ್ಲರೂ ಹೇಳಿದರು. ನಾನೂ ನಂಬಿದೆ. ಅವಳಿಗೆ ಮಕ್ಕಳಿರಲಿಲ್ಲ, ಇವನನ್ನು ಎತ್ತಿಕೊಳ್ಳಲು ಬರುತ್ತಿದ್ದಳು, ಅಷ್ಟೆ. ಅವನು ಹೋದ ಮೇಲೆ ಅವಳ ಜೊತೆಯೂ ಮಾತು ಬಿಟ್ಟೆ. ಅವಳು ರಸ್ತೆಯಲ್ಲಿ ಸಿಕ್ಕರೆ ಸೆರಗು ಸರಿಸಿಕೊಂಡು ಆ ಕಡೆ ದಾಟುತ್ತಿದ್ದೆ. ಕೊರೋನಾದಲ್ಲಿ ತೀರಿಕೊಂಡಳು. ಅವಳ ಮನೆ ಈಗ ಬೇಕರಿ. ನೀನು ಬನ್ನು ಹಿಡಿದು ನಿಂತಿದ್ದೆಯಲ್ಲ, ಅದು ಅವಳ ಜಗಲಿ.

ನನಗೆ ಮಾತು ಬಿಡುವುದು ಬಹಳ ಸುಲಭ.

ರಿಪೋರ್ಟ್ ಇನ್ನೂ ಬಂದಿಲ್ಲ. ಪಾಪುವಿನ ತುಟಿಯನ್ನೇ ನೋಡುತ್ತಾ ಕೂತಿರುತ್ತೇನೆ.

ಸುಧಾ

*

ಬಿಟಿಎಂ ಲೇಔಟ್
15 ನವೆಂಬರ್ 2025

ಸುಧಾ,

ನಿನ್ನ ಕಾಗದ ಓದಿದೆ ಎಂದು ತಿಳಿಸಲು ಇದನ್ನು ಹಾಕುತ್ತಿದ್ದೇನೆ.

ಅಮ್ಮ ಮೂಗು ಹಿಡಿಯುತ್ತಿದ್ದದ್ದು ನನಗೆ ಮರೆತುಹೋಗಿತ್ತು. ನೀನು ಬರೆದ ಮೇಲೆ ಅವಳ ಬೆರಳಿನ ವಾಸನೆಯೂ ನೆನಪಾಯಿತು. ಏಲಕ್ಕಿ. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಇತ್ತು ಎಂದು ನೀನೂ ಬರೆದಿಲ್ಲ. ಆದರೂ ಅವಳಿಗೂ ನಿನಗೂ ಯಾರಾದರೂ ಅದನ್ನು ಹೇಳಬೇಕು ಅನ್ನಿಸಿತು.

ಅಣ್ಣ

*

ಕತ್ರಿಗುಪ್ಪೆ
27 ನವೆಂಬರ್ 2025

ಅಣ್ಣನಿಗೆ,

ಪಾಪುವಿಗೆ ಇಲ್ಲ. ಅರ್ಧ ಇದೆಯಂತೆ, ಅದರಿಂದ ಏನೂ ತೊಂದರೆಯಿಲ್ಲ, ಎಲ್ಲವನ್ನೂ ತಿನ್ನಬಹುದು ಎಂದು ಬರೆದುಕೊಟ್ಟಿದ್ದಾರೆ. ವೇಣು ರಿಪೋರ್ಟನ್ನು ದೇವರ ಮುಂದೆ ಇಟ್ಟ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತಿದ್ದೆ.

ಡಿಸೆಂಬರ್ 14ರ ಭಾನುವಾರ ಗುಡಿಯಲ್ಲಿ ಅನ್ನ ಮುಟ್ಟಿಸುತ್ತೇವೆ. ನೀನು ಬರಬೇಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಸೋದರಮಾವ ಬೇಕು. ಅವಳ ಸೋದರಮಾವ ಮನು. ಅವನ ಜಾಗದಲ್ಲಿ ನೀನು ಕೂರಬೇಕು ಎಂದು ಇವರನ್ನು, ವೇಣುವನ್ನು, ದಿವ್ಯಳನ್ನು ಕೂರಿಸಿಕೊಂಡು ಹೇಳಿದೆ. ಮನು ಎಂದೇ ಹೇಳಿದೆ.

ಬೈರಣ್ಣನನ್ನು ಹೋಗಿ ಕೇಳಿದೆ, ಆಣೆಗೆ ಬಿಡುಗಡೆ ಹೇಗೆ ಎಂದು. ದೇವಿಯ ಮುಂದೆ ಬಿಟ್ಟ ಮಾತನ್ನು ಅಲ್ಲೇ ಕೂಡಿಸಬೇಕಂತೆ. ಎಡೆಯ ಬೆಲ್ಲದನ್ನವನ್ನು ಇಬ್ಬರೂ ಒಂದೇ ಎಲೆಯಿಂದ ತಿಂದು ಬಾಯಿ ಸಿಹಿ ಮಾಡಿಕೊಳ್ಳಬೇಕು. ನಮ್ಮಣ್ಣನಿಗೆ ಸಿಹಿ ಆಗಲ್ಲ ಎಂದೆ. "ಶುಗರಾ?" ಎಂದ. ಅಲ್ಲ, ಹುಟ್ಟಿನಿಂದ ಎಂದೆ. ತಲೆ ಕೆರೆದುಕೊಂಡು, "ಒಂದು ಅಗುಳು ಸಾಕು ಬಿಡಕ್ಕ, ಒಂದು ಅಗುಳಿಗೆ ಏನಾಗುತ್ತೆ" ಎಂದ.

ನನಗೂ ಆಸೆಯಿದೆ. ನಿನಗೆ ಏನಾಗುತ್ತದೆ ಎಂದು ನೀನೇ ಬರಿ.

ಸುಧಾ

*

ಬಿಟಿಎಂ ಲೇಔಟ್
3 ಡಿಸೆಂಬರ್ 2025

ಸುಧಾ,

ಬರುತ್ತೇನೆ. ನಮ್ಮೂರು ಈ ಲೇಔಟಿನೊಳಗೆ ಸೇರಿಹೋದರೂ ಗುಡಿಯ ಗಂಟೆ ನನ್ನ ಕೋಣೆಗೆ ಕೇಳಿಸುತ್ತದೆ. ಈಗ ಅದರ ಒಂದು ಪಕ್ಕ ಮೊಬೈಲ್ ಅಂಗಡಿ, ಇನ್ನೊಂದು ಪಕ್ಕ ಜಿಮ್ಮು. ಜಿಮ್ಮಿನ ಹಾಡಿಗೂ ಬೈರಣ್ಣನ ಮಂಗಳಾರತಿಗೂ ದಿನಾ ಜಗಳ. ಬೈರಣ್ಣನನ್ನು ಕೇಳಲು ಬಂದಾಗ ನೀನೂ ನೋಡಿರಬೇಕು.

ಮಗುವಿಗೆ ಇಲ್ಲ ಎಂಬುದನ್ನು ಓದಿ ಕಾಗದ ಮಡಿಸಿ ಮೇಜಿನ ಮೇಲಿಟ್ಟೆ. ಸಂತೋಷವಾಗಬೇಕಿತ್ತು, ಆಯಿತು. ಅದರ ಕೆಳಗೆ ಇನ್ನೊಂದು ಇತ್ತು, ಅದನ್ನು ನಿನಗಲ್ಲದೆ ಬೇರೆಯವರಿಗೆ ಬರೆಯಲಾರೆ. ಈ ಒಂದು ತಿಂಗಳು ನಾನು ಅವಳಿಗೆ ಅಡುಗೆ ಯೋಚಿಸುತ್ತಿದ್ದೆ. ಶಾಲೆಯಲ್ಲಿ ಹುಟ್ಟುಹಬ್ಬದ ಚಾಕೊಲೇಟ್ ಹಂಚಿದಾಗ ಏನು ಮಾಡಬೇಕು, ಯಾರ ಮನೆಯಲ್ಲಿ ಏನೆಂದು ಹೇಳಬೇಕು, ಅಂಗಡಿಯ ಕೆಮ್ಮಿನ ಔಷಧಿಯ ಬಾಟಲಿಯ ಮೇಲೆ ಎಲ್ಲಿ ಓದಬೇಕು. ನನ್ನ ಪಕ್ಕದಲ್ಲಿ ಇನ್ನೊಂದು ಎಲೆ. ಕೆಟ್ಟದ್ದನ್ನು ಬಯಸಿದೆ ಎಂದಲ್ಲ. ಬಯಸಲಿಲ್ಲ ಎಂದು ಹೇಳುವುದಕ್ಕೂ ನನಗೆ ಧೈರ್ಯವಿಲ್ಲ.

ಒಂದು ಅಗುಳಿಗೆ ಏನಾಗುತ್ತದೆ ಎಂದು ಕೇಳಿದ್ದೀಯ. ಸಾಯುವುದಿಲ್ಲ. ಬೆವರು ಬರಬಹುದು, ಹೊಟ್ಟೆ ಹಿಡಿಯಬಹುದು, ಏನೂ ಆಗದೆಯೂ ಇರಬಹುದು. ಡಾಕ್ಟರ್ ಬೇಡ ಎನ್ನುತ್ತಾರೆ, ಅವರು ಹಾಗೆನ್ನಲೇಬೇಕು. ನಾನು ತಿನ್ನುತ್ತೇನೆ ಸುಧಾ. ಈ ಸಲ ಕಂಬದ ಹಿಂದೆ ಹೋಗುವುದಿಲ್ಲ.

ಈ ಕೋಣೆಯಲ್ಲಿ ನನ್ನನ್ನು ಅಣ್ಣ ಎಂದು ಯಾರೂ ಕರೆಯುವುದಿಲ್ಲ. ಪಿಜಿಯವರು ಅಂಕಲ್ ಎನ್ನುತ್ತಾರೆ, ನಾರಾಯಣಮ್ಮ ಸಾರ್ ಎನ್ನುತ್ತಾಳೆ. ಕಾಗದದಲ್ಲಿ ನೀನು ಬರೆಯುತ್ತೀಯ. ಓದುವುದೇ ಬೇರೆ, ಕೇಳುವುದೇ ಬೇರೆ.

ಅಣ್ಣ

*

ಕತ್ರಿಗುಪ್ಪೆ
16 ಡಿಸೆಂಬರ್ 2025

ಅಣ್ಣನಿಗೆ,

ಮೊನ್ನೆ ಎಲೆಯ ಮುಂದೆ ನೀನು ಕೈ ಚಾಚಿದಾಗ ನಾನು ಬೆಲ್ಲದನ್ನವನ್ನು ಎತ್ತಿಕೊಂಡು ಹೋದದ್ದನ್ನು ನೀನು ಹೇಗೆ ತೆಗೆದುಕೊಂಡೆಯೋ ಗೊತ್ತಿಲ್ಲ. ಎಲ್ಲರೂ ನೋಡಿದರು. "ಅಣ್ಣ ಉಗುದ್ರೆ ತಂಗಿ ಕಿತ್ಕೊತಾಳೆ, ಸರಿಯಾಗೈತೆ ಜೋಡಿ" ಎಂದು ದೊಡ್ಡತ್ತೆ ನಕ್ಕಳು. ನೀನು ಚಾಚಿದ ಕೈಯನ್ನು ನಿಧಾನಕ್ಕೆ ಹಿಂದಕ್ಕೆ ತೆಗೆದುಕೊಂಡೆ. ಆ ಕೈ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ತಿನ್ನಿಸಬೇಕು ಎಂದೇ ಬಂದಿದ್ದೆ. ಒಂದು ಅಗುಳು ಎಂದು ಬೈರಣ್ಣ ಹೇಳಿದ್ದ, ನೀನೂ ಸರಿ ಎಂದಿದ್ದೆ. ಪಾಪು ನಿನ್ನ ತೊಡೆಯ ಮೇಲೆ ಕೂತು ಬೆರಳಿನ ತುದಿಯ ಬೆಲ್ಲದನ್ನ ನೆಕ್ಕಿ ಇನ್ನೂ ಬೇಕು ಎಂದು ಬಾಯಿ ತೆರೆದಳಲ್ಲ, ಆಗ ನೀನು ನಕ್ಕೆ. ಆಮೇಲೆ ಬೈರಣ್ಣ ಎಲೆಯನ್ನು ನಮ್ಮಿಬ್ಬರ ಮಧ್ಯೆ ಇಟ್ಟ. ನಾನು ಒಂದು ಅಗುಳು ತೆಗೆದುಕೊಂಡೆ. ನಿನ್ನ ಮುಖ ನೋಡಿದೆ. ನೀನು ನಗುತ್ತಲೇ ಇದ್ದೆ. ಆದರೆ ನಿನ್ನ ತುಟಿ ಬಿಗಿಯಾಗಿತ್ತು. ನಿನಗೆ ಗೊತ್ತಿರಲಿಕ್ಕಿಲ್ಲ, ಅದು ನಿನ್ನ ಕೈಯಲ್ಲಿಲ್ಲ. ನಾನು ಆ ತುಟಿಯನ್ನು ಇಪ್ಪತ್ತಾರು ವರ್ಷದ ಹಿಂದೆ ನೋಡಿದ್ದೇನೆ.

ಒಬ್ಬನಿಗೆ ಕೈಯಾರೆ ತಿನ್ನಿಸಿದ್ದೇನೆ. ಸಾಕು.

ನಿನಗೆ ಬೇರೆ ಎಲೆ ಹಾಕಿದೆ. ಬಿಳಿಯನ್ನ, ತುಪ್ಪ, ಮೊಸರು, ಮೆಣಸು ಹಾಕಿದ ಸಪ್ಪೆ ಸೊಪ್ಪು. ಬೆಲ್ಲ ತಾಗಿರಬಾರದೆಂದು ಪಾತ್ರೆಯನ್ನು ಮನೆಯಲ್ಲೇ ಎರಡು ಸಲ ತೊಳೆದು ತಂದಿದ್ದೆ. ಉಪ್ಪನ್ನು ನಿನ್ನ ಅಂಗೈಗೇ ಹಾಕಿದೆ. ಉಪ್ಪು ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ದೊಡ್ಡತ್ತೆ ಕೂಗಿದಳಲ್ಲ. ಇನ್ನು ಯಾವ ಜಗಳ ಬಾಕಿಯಿದೆ ಎಂದು ನಾನು ಅವಳನ್ನು ಕೇಳಿದೆ. ನಿನಗೆ ಹೇಳಬೇಕೆಂದೇ ಅವಳಿಗೆ ಹೇಳಿದ್ದು.

ನೀನು ಇನ್ನೊಂದು ಎಲೆಯ ವಿಷಯ ಬರೆದಿದ್ದೆ. ಅದಕ್ಕೆ ನಾನು ಕೋಪಿಸಿಕೊಳ್ಳಲಿಲ್ಲ. ಮನು ಇದ್ದಿದ್ದರೆ ಈಗ ಇಪ್ಪತ್ತೇಳು. ನಿನ್ನ ಪಕ್ಕದಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದ. ಇಬ್ಬರನ್ನೂ ಸೇರಿಸಿ ಖಾರಪ್ಪ ಎನ್ನುತ್ತಿದ್ದೆ. ಮೊನ್ನೆ ನಿನಗೆ ಬಡಿಸುವಾಗ ಸೊಪ್ಪು ಹೆಚ್ಚಾಗಿತ್ತು. ಯಾಕೆ ಅಷ್ಟು ಮಾಡಿದ್ದೆನೋ ನನಗೇ ಗೊತ್ತಾಗಲಿಲ್ಲ. ಉಳಿದದ್ದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು ರಾತ್ರಿ ನಾನೇ ತಿಂದೆ. ಚೆನ್ನಾಗಿತ್ತು.

ಆಣೆ ಹಾಗೆಯೇ ಉಳಿಯಿತು. ಬೈರಣ್ಣ ಬೇರೆ ದಾರಿ ನೋಡುತ್ತೇನೆ ಎಂದಿದ್ದಾನೆ, ಅವನು ನೋಡುವುದು ನನಗೆ ಗೊತ್ತು. ನೀನು ನನ್ನ ದನಿ ಕೇಳಬೇಕು ಎಂದಿದ್ದೆ. ಅದಕ್ಕೆ ನಿನ್ನ ಬಾಯಿಗೆ ನಾನು ಬೆಲ್ಲದನ್ನ ಹಾಕಬೇಕು ಎಂದರೆ ಮಾತು ಬೇಡ ಅಣ್ಣ. ಮೊದಲು ಸಿಟ್ಟಿಗೆ ಬಿಟ್ಟಿದ್ದೆ. ಈಗ ಸಿಟ್ಟಿಲ್ಲ.

ಬರುವ ಭಾನುವಾರ ಮಧ್ಯಾಹ್ನ ಮನೆಗೆ ಬಾ. ಬೇಕರಿಯ ಮುಂದೆ ನಿಲ್ಲಬೇಡ, ಬಾಗಿಲು ತೆಗೆದಿರುತ್ತದೆ. ಮುದ್ದೆ ಮಾಡಿರುತ್ತೇನೆ. ನಾನು ಮಾತಾಡುವುದಿಲ್ಲ, ಎದುರಿಗೆ ಕೂತಿರುತ್ತೇನೆ. ನಿನಗೆ ಏನಾದರೂ ಹೇಳಬೇಕೆನಿಸಿದರೆ ಹೇಳು. ನೀನು ಯಾವ ಆಣೆಯನ್ನೂ ಮಾಡಿಲ್ಲ.

ನಿನ್ನ ತಂಗಿ
ಸುಧಾ